‘ಶ್ರೀಸಾಮಾನ್ಯ’ ಅಂದರೆ ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಬಹಳ ವರ್ಷ ಪ್ರೂಫ್ ನೋಡಿದವನು ನಾನು. ಊರು ಮಂಡ್ಯದ ಕಡೆ. ಈಗ ಸಂಜೆ ಹೊತ್ತು ಸ್ನೇಹಿತನ ಡಿಟಿಪಿ ಅಂಗಡಿಯಲ್ಲಿ ಕೂರುತ್ತೇನೆ. ಲಗ್ನಪತ್ರಿಕೆ, ಅರ್ಜಿ, ಕರಪತ್ರ, ಫ್ಲೆಕ್ಸು ಎಲ್ಲಾ ಅಲ್ಲಿಗೆ ಬರುತ್ತವೆ. ಚುನಾವಣೆ ಹತ್ತಿರ ಬಂತೆಂದರೆ ‘ಶ್ರೀಸಾಮಾನ್ಯ’ ಎಂಬ ಪದವೂ ಬರುತ್ತದೆ, ಜೊತೆಗೆ ಅದರ ಬಗ್ಗೆ ಪ್ರಶ್ನೆಗಳೂ ಬರುತ್ತವೆ. ಅವನ್ನೇ ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ.

ಶ್ರೀಸಾಮಾನ್ಯ ಅಂದರೆ ಸರಿಯಾಗಿ ಏನು?

ದೊಡ್ಡ ಹುದ್ದೆ, ದೊಡ್ಡ ದುಡ್ಡು, ದೊಡ್ಡವರ ಪರಿಚಯ, ಈ ಮೂರೂ ಇಲ್ಲದೆ ಬದುಕು ಸಾಗಿಸುವವನು. ಸಿಟಿ ಬಸ್ಸಿಗೆ ಕಾಯುವವನು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವವನು. ಕಬ್ಬಿನ ದುಡ್ಡು ಬಂತಾ ಅಂತ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸುವವನು.

ಬಡವನೇ ಆಗಿರಬೇಕು ಅಂತೇನಿಲ್ಲ. ‘ಬಡವ’ ಅನ್ನುವುದು ಜೇಬಿನ ಮಾತು. ‘ಶ್ರೀಸಾಮಾನ್ಯ’ ಅನ್ನುವುದು ಕೈಯಲ್ಲಿ ಅಧಿಕಾರ ಇದೆಯೋ ಇಲ್ಲವೋ ಅನ್ನುವ ಮಾತು. ಬಿಪಿಎಲ್ ಕಾರ್ಡಿನವನೂ ಶ್ರೀಸಾಮಾನ್ಯನೇ, ಕಾರ್ಡೇ ಸಿಗದೆ ಓಡಾಡುತ್ತಿರುವ ಮೇಷ್ಟ್ರೂ ಶ್ರೀಸಾಮಾನ್ಯನೇ.

ಸಾಮಾನ್ಯನ ಮುಂದೆ ‘ಶ್ರೀ’ ಯಾಕೆ ಬಂತು?

ನನಗೆ ಇಷ್ಟವಾದ ಪ್ರಶ್ನೆ ಇದು. ಸ್ವಲ್ಪ ಉದ್ದ ಹೇಳುತ್ತೇನೆ.

ಶ್ರೀ ಅಂದರೆ ಲಕ್ಷ್ಮಿ. ಸಿರಿ, ಕಳೆ, ಶೋಭೆ. ನಮ್ಮ ಕನ್ನಡದ ‘ಸಿರಿ’ ಅದರದೇ ತದ್ಭವ. ದುಡ್ಡಿದ್ದವನು ‘ಶ್ರೀಮಂತ’, ಅಂದರೆ ಶ್ರೀ ಉಳ್ಳವನು. ಮೈಸೂರಿನ ದೊರೆಗಳ ಬಿರುದು ಶುರುವಾಗುತ್ತಿದ್ದದ್ದೇ ‘ಶ್ರೀಮನ್ಮಹಾರಾಜ’ ಅಂತ. ಸಾಹೇಬರಿಗೆ ಬರೆಯುವ ಅರ್ಜಿಯಲ್ಲಿ ‘ಮಹಾರಾಜರಾಜಶ್ರೀ’ ಅಂತ ಹಾಕುವ ಕಾಲವೂ ಇತ್ತು. ಹೀಗೆ ಶ್ರೀ ಅನ್ನುವುದು ಅರಮನೆ, ಕಚೇರಿ, ಮಠಗಳ ಸುತ್ತಲೇ ತಿರುಗುತ್ತಿದ್ದ ಅಕ್ಷರ.

ಅದನ್ನು ತಂದು ಸಾಮಾನ್ಯನ ತಲೆಯ ಮೇಲೆ ಇಟ್ಟದ್ದು ಸಣ್ಣ ಕೆಲಸ ಅಲ್ಲ. ಕನ್ನಡದಲ್ಲಿ ಈ ಪದಕ್ಕೆ ತೂಕ ತಂದವರು ಕುವೆಂಪು. ಅವರ ‘ಶ್ರೀಸಾಮಾನ್ಯರ ದೀಕ್ಷಾಗೀತೆ’ ಸಾಮಾನ್ಯನನ್ನು ದೇವರೇ ಮನ್ನಿಸುವವನು ಅಂತ ಕರೆಯುತ್ತದೆ. ಇದೇ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಅಲ್ಲೇ ಪಾಠ ಹೇಳಿ, 1956ರಿಂದ 1960ರವರೆಗೆ ವಿಶ್ವವಿದ್ಯಾನಿಲಯದ ಉಪಕುಲಪತಿ ಆದವರು ಅವರು. ಊರಿನ ನಡುವೆ ಅರಮನೆ, ಕಾಲೇಜಿನ ಹೆಸರಲ್ಲೇ ಮಹಾರಾಜ. ಅಂಥ ಊರಲ್ಲಿ ಕೂತು ‘ಶ್ರೀಸಾಮಾನ್ಯ’ ಅಂತ ಬರೆದರು ಅಂದರೆ, ಆ ಎರಡು ಪದಗಳ ನಡುವೆ ಎಷ್ಟು ದೂರ ಇತ್ತು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು ಅಂತಲೇ ಅರ್ಥ.

ಇನ್ನೊಂದು ಸ್ವಾರಸ್ಯ. ‘ಸಾಮಾನ್ಯ’ ಹುಟ್ಟಿದ್ದು ‘ಸಮಾನ’ದಿಂದ. ಎಲ್ಲರಿಗೂ ಸಮವಾಗಿ ಸೇರಿದ್ದು ಸಾಮಾನ್ಯ. ಬೇರಿನಲ್ಲಿ ಅದು ಕೀಳು ಮಾತೇ ಅಲ್ಲ. ಬಳಸುತ್ತಾ ಬಳಸುತ್ತಾ ನಾವೇ ಅದನ್ನು ‘ಏನೂ ವಿಶೇಷ ಇಲ್ಲದ್ದು’ ಮಾಡಿಬಿಟ್ಟೆವು.

ಜನಸಾಮಾನ್ಯ, ಸಾಮಾನ್ಯ ಜನ, ಶ್ರೀಸಾಮಾನ್ಯ, ಮೂರೂ ಒಂದೇನಾ?

ಹೆಚ್ಚು ಕಡಿಮೆ ಒಂದೇ. ಆದರೆ ಮೂರರ ದನಿ ಬೇರೆ. ‘ಸಾಮಾನ್ಯ ಜನ’ ಮಾತಿನಲ್ಲಿ ಬರುವಂಥದ್ದು. ‘ಜನಸಾಮಾನ್ಯರು’ ಪೇಪರಿನಲ್ಲಿ, ಭಾಷಣದಲ್ಲಿ ಬರುವಂಥದ್ದು, ಯಾವಾಗಲೂ ಗುಂಪು. ‘ಶ್ರೀಸಾಮಾನ್ಯ’ ಅಂದಾಗ ಮಾತ್ರ ಒಬ್ಬ ಮನುಷ್ಯ ಕಣ್ಣ ಮುಂದೆ ಬರುತ್ತಾನೆ. ಗುಂಪಿನೊಳಗಿಂದ ಒಬ್ಬನನ್ನು ಹೊರಗೆ ಕರೆದು ನಿಲ್ಲಿಸಿದ ಹಾಗೆ.

‘ಜನಸಾಮಾನ್ಯ ಜನರು’ ಅಂತ ಬರೆಯಬೇಡಿ. ಜನ ಎರಡು ಸಲ ಆಯಿತು. ವಾರಕ್ಕೊಮ್ಮೆಯಾದರೂ ಇದನ್ನು ಹೊಡೆದು ಹಾಕುತ್ತಿದ್ದೆ.

ಕೂಡಿಸಿ ಬರೆಯಬೇಕಾ, ಬಿಡಿಸಿ ಬರೆಯಬೇಕಾ?

ಕೂಡಿಸಿ. ಬಿಡಿಸಿ ‘ಶ್ರೀ ಸಾಮಾನ್ಯ’ ಅಂತ ಬರೆದರೆ ಸಾಮಾನ್ಯ ಅನ್ನುವ ಹೆಸರಿನ ಯಾರೋ ಮಹನೀಯರ ಹಾಗೆ ಕಾಣುತ್ತದೆ. ಬಿಡಿಸಿ ಬರೆಯುವವರೂ ಬೇಕಾದಷ್ಟು ಜನ ಇದ್ದಾರೆ. ಅದನ್ನು ತಪ್ಪು ಅಂತ ನಾನು ಜಗಳ ಆಡುವುದಿಲ್ಲ. ‘ಸಮಾನ್ಯ’ ಅಂತ ದೀರ್ಘ ಬಿಟ್ಟು ಬರೆದರೆ ಮಾತ್ರ ತಪ್ಪು. ಮೊದಲನೆಯ ‘ಸಾ’, ಎರಡನೆಯ ‘ಮಾ’, ಎರಡಕ್ಕೂ ದೀರ್ಘ ಬೇಕು.

ಅಂದ ಹಾಗೆ, ಗಾಡಿಗೆ ತುಂಬುವ ‘ಸಾಮಾನು’ಗೂ ಈ ‘ಸಾಮಾನ್ಯ’ಕ್ಕೂ ಸಂಬಂಧ ಇಲ್ಲ. ಸಾಮಾನು ಫಾರ್ಸಿಯಿಂದ ಬಂದ ಪದ. ಒಮ್ಮೆ ‘ಶ್ರೀಸಾಮಾನು’ ಅಂತ ಅಚ್ಚಾಗಿ ಬಂದಿತ್ತು. ಅದನ್ನು ನೋಡಿ ದಾಟಿಸಿದ ಪ್ರೂಫಿನವನು ನಾನೇ.

ಪ್ರಜೆ ಅಂದರೂ ಇದೇ ಅಲ್ವಾ?

ಅಲ್ಲ. ಪ್ರಜೆ ಅಂದರೆ ಸಂಸ್ಕೃತದಲ್ಲಿ ಮೂಲ ಅರ್ಥ ಮಕ್ಕಳು, ಸಂತಾನ. ದೊರೆ ತಂದೆ, ನಾಡಿನ ಜನ ಅವನ ಮಕ್ಕಳು ಅನ್ನುವ ಲೆಕ್ಕ. ಹಾಗಾಗಿ ಪ್ರಜೆ ಇರಬೇಕಾದರೆ ಮೇಲೊಬ್ಬ ಪ್ರಭು ಇರಲೇಬೇಕು. ‘ಪ್ರಜಾಪ್ರಭುತ್ವ’ದಲ್ಲಿ ಆ ಇಬ್ಬರನ್ನೂ ಒಂದೇ ಪದದೊಳಗೆ ಕೂರಿಸಿದ್ದೇವೆ.

ಮೈಸೂರಿಗೆ ಈ ಪದದ ಜೊತೆ ಹಳೇ ನಂಟು. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ವಾಪಸ್ಸು ಕೊಟ್ಟರು. ಅದೇ ವರ್ಷ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿಸಿದರು. ದಸರಾ ಹೊತ್ತಿಗೆ ಸಭೆ ಸೇರುತ್ತಿತ್ತು. ಹೆಸರಿನಲ್ಲಿ ಪ್ರಜೆ ಇದ್ದ, ಸರಿ. ಒಳಗೆ ಕೂತವರು ಜಮೀನುದಾರರು, ವರ್ತಕರು. ಉಳುವವನ ಪರವಾಗಿ ಮಾತು ಬಂದರೂ ಉಳುವವನು ಅಲ್ಲಿ ಕೂತಿರಲಿಲ್ಲ. ಹಾಗಂತ ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ದೊರೆಯ ಆಡಳಿತದ ಲೆಕ್ಕಪತ್ರವನ್ನು ಜನರ ಮುಂದೆ ಇಡುವುದು ಅನ್ನುವ ವಾಡಿಕೆ ಹುಟ್ಟಿದ್ದು ಅಲ್ಲೇ. ಪುರಭವನದ ಮುಂದೆ ಬಸ್ಸಿಗೆ ನಿಲ್ಲುವವರಲ್ಲಿ ಎಷ್ಟೋ ಮಂದಿಗೆ ಅದು ರಂಗಾಚಾರ್ಲು ಹೆಸರಿನ ಕಟ್ಟಡ ಅಂತಲೂ ಗೊತ್ತಿರುವುದಿಲ್ಲ.

ಹಳೆಗನ್ನಡದಲ್ಲಿ ಏನನ್ನುತ್ತಿದ್ದರು?

9ನೇ ಶತಮಾನದ ಕವಿರಾಜಮಾರ್ಗ ‘ನಾಡವರ್ಗಳ್’ ಅನ್ನುತ್ತದೆ. ನಾಡವರು, ಅಷ್ಟೇ. ಓದು ಕಲಿಯದಿದ್ದರೂ ಕಾವ್ಯದ ಹದ ಬಲ್ಲವರು ಅಂತ ಅವರನ್ನು ಹೊಗಳುತ್ತದೆ ಕೂಡ. ಇದಕ್ಕಿಂತ ಒಳ್ಳೆಯ ಪದ ಇವತ್ತಿಗೂ ನನಗೆ ಕಂಡಿಲ್ಲ. ಆದರೆ ಫ್ಲೆಕ್ಸಿನಲ್ಲಿ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ.

‘ಮಹಾಜನ’ದ ಕಥೆ ಉಲ್ಟಾ. ಶಾಸನಗಳಲ್ಲಿ ಮಹಾಜನ ಅಂದರೆ ಅಗ್ರಹಾರದ ಬ್ರಾಹ್ಮಣರ ಸಭೆ. ಈಗ ಆಟೋಗೆ ಮೈಕು ಕಟ್ಟಿಕೊಂಡು ‘ಮಹಾಜನಗಳೇ’ ಅಂದರೆ ಬೀದಿಯಲ್ಲಿ ಇರುವವರೆಲ್ಲಾ ತಿರುಗಿ ನೋಡುತ್ತಾರೆ.

ನಾವು ಮಂಡ್ಯದವರು. ನಮ್ಮಲ್ಲಿ ಸಾಮಾನ್ಯ ಜನ ಅಂದರೆ ರೈತರೇ. ಹಾಗೆ ಬರೆಯಬಹುದಾ?

ಬರೆಯಬಹುದು. ಪದದ ಚರಿತ್ರೆಯೂ ನಿಮ್ಮ ಪರವಾಗೇ ಇದೆ. ರೈತ ಅನ್ನುವ ಪದ ಅರಬ್ಬಿಯ ‘ರಯ್ಯತ್’ನಿಂದ ಬಂದದ್ದು. ಕಾಯುವವನ ಕೈಕೆಳಗಿನ ಮಂದೆ ಅನ್ನುವುದು ಅದರ ಹಳೇ ಅರ್ಥ. ಆಮೇಲೆ ದೊರೆಯ ಕೈಕೆಳಗಿನ ಜನ ಅಂತಾಯಿತು. ಜನರಲ್ಲಿ ಹೆಚ್ಚಿನವರು ಉಳುವವರೇ ಆಗಿದ್ದರಿಂದ, ಕಂದಾಯ ಕಟ್ಟುತ್ತಿದ್ದವರೂ ಅವರೇ ಆಗಿದ್ದರಿಂದ, ಕೊನೆಗೆ ಉಳುವವನೇ ರಯ್ಯತ, ರೈತ ಆದ. ಅಂದರೆ ‘ರೈತ’ ಅನ್ನುವುದೇ ಒಂದು ಕಾಲದಲ್ಲಿ ‘ಶ್ರೀಸಾಮಾನ್ಯ’ ಅನ್ನುವ ಹಾಗೆ ಇದ್ದ ಮಾತು. ಮುಂದೆ ಶ್ರೀ ಮಾತ್ರ ಇರಲಿಲ್ಲ.

ನಮ್ಮ ಕಡೆಯ ಸ್ವಂತ ಮಾತು ‘ಆರಂಬಗಾರ’. ‘ಏನ್ ಮಾಡ್ಕಂಡಿದಾನೆ?’ ಅಂದರೆ ‘ಆರಂಬ ಮಾಡ್ಕಂಡವ್ನೆ’ ಅನ್ನುತ್ತಾರೆ. ಈಗ ವಯಸ್ಸಾದವರ ಬಾಯಲ್ಲೇ ಜಾಸ್ತಿ ಉಳಿದಿದೆ.

ವ್ಯಂಗ್ಯಚಿತ್ರದ ‘ಕಾಮನ್ ಮ್ಯಾನ್’ ಇವನೇನಾ?

ಹೌದು, ಕನ್ನಡದ ಪೇಪರುಗಳು ಅವನನ್ನು ಶ್ರೀಸಾಮಾನ್ಯ ಅಂತಲೇ ಕರೆದವು. ಬರೆದವರು ಆರ್. ಕೆ. ಲಕ್ಷ್ಮಣ್. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಇಲ್ಲೇ ಮಹಾರಾಜಾ ಕಾಲೇಜಿನಲ್ಲಿ ಓದಿದವರು. ಕನ್ನಡದ ನಗೆ ಪತ್ರಿಕೆ ‘ಕೊರವಂಜಿ’ಗೂ ಚಿತ್ರ ಬರೆದುಕೊಟ್ಟಿದ್ದರು. ಟೈಮ್ಸ್ ಆಫ್ ಇಂಡಿಯಾದಲ್ಲಿ ಆ ಪಾಕೆಟ್ ಕಾರ್ಟೂನು ಶುರುವಾದದ್ದು 1951ರಲ್ಲಿ. ಪಂಚೆ, ಚೌಕಳಿ ಕೋಟು, ದುಂಡು ಕನ್ನಡಕ, ಬೋಳು ತಲೆಯ ಪಕ್ಕದಲ್ಲಿ ಒಂದಿಷ್ಟು ಕೂದಲು. ಎಲ್ಲಾ ನೋಡುತ್ತಾನೆ, ಒಂದು ಮಾತೂ ಆಡುವುದಿಲ್ಲ.

ಆ ಕೋಟು ಪಂಚೆ ಜೋಡಿಯನ್ನು ಹಳೇ ಮೈಸೂರಿನವರಿಗೆ ವಿವರಿಸಬೇಕಿಲ್ಲ. ನಮ್ಮ ಮೇಷ್ಟ್ರುಗಳು, ಗುಮಾಸ್ತರು ಹಾಗೇ ಇದ್ದರು. ಬೊಂಬಾಯಿಯಲ್ಲಿ ಕೂತು ಬರೆದರೂ ಕೈಗೆ ಬಂದದ್ದು ಇಲ್ಲಿನ ಮುಖವೇ ಇರಬೇಕು ಅಂತ ನನಗೆ ಅನಿಸುತ್ತದೆ. ಇದು ನನ್ನ ಊಹೆ. ಊರಿನ ಅಭಿಮಾನ ಅಂದುಕೊಳ್ಳಿ. 2003ರಲ್ಲಿ ಹಾರಾಟ ಶುರು ಮಾಡಿದ ಏರ್ ಡೆಕ್ಕನ್ ವಿಮಾನ ಕಂಪನಿಯೂ ಇದೇ ಮನುಷ್ಯನನ್ನು ತನ್ನ ಗುರುತು ಮಾಡಿಕೊಂಡಿತ್ತು.

ಪೇಪರಿನಲ್ಲಿ ಈ ಪದ ಇಷ್ಟೊಂದು ಯಾಕೆ ಬರುತ್ತದೆ?

ಬೆಲೆ ಏರಿದಾಗಲೆಲ್ಲಾ ಬೇಕಾಗುತ್ತದೆ, ಅದಕ್ಕೆ. ಆದರೆ ಪ್ರೂಫ್ ನೋಡುತ್ತಾ ನೋಡುತ್ತಾ ನನಗೆ ಒಂದು ವಿಷಯ ಕಂಡಿತು. ಶಾಲೆಯಲ್ಲಿ ಕಲಿತ ವಿಭಕ್ತಿ ನೆನಪಿದೆಯಲ್ಲ? ತಲೆಬರಹದಲ್ಲಿ ಶ್ರೀಸಾಮಾನ್ಯ ಸಾಮಾನ್ಯವಾಗಿ ಚತುರ್ಥಿಯಲ್ಲಿ ಇರುತ್ತಾನೆ. ‘ಶ್ರೀಸಾಮಾನ್ಯನಿಗೆ ಬರೆ.’ ‘ಶ್ರೀಸಾಮಾನ್ಯನಿಗೆ ಶಾಕ್.’ ಇಲ್ಲದಿದ್ದರೆ ಷಷ್ಠಿ: ‘ಶ್ರೀಸಾಮಾನ್ಯನ ಜೇಬಿಗೆ ಕತ್ತರಿ.’ ‘ಶ್ರೀಸಾಮಾನ್ಯನ ಮೇಲೆ ಹೊರೆ.’ ಪ್ರಥಮಾ ವಿಭಕ್ತಿಯಲ್ಲಿ, ಅಂದರೆ ಕರ್ತೃವಾಗಿ, ಅವನು ಬರುವುದು ಕಂಗಾಲಾಗುವಾಗ ಮಾತ್ರ. ‘ಶ್ರೀಸಾಮಾನ್ಯ ಕಂಗಾಲು.’ ಏನಾದರೂ ಮಾಡಿದ, ಗೆದ್ದ, ಕಟ್ಟಿದ ಅಂತ ಹಾಕಿದ ತಲೆಬರಹ ನನ್ನ ಕೈಗೆ ಬಂದ ನೆನಪಿಲ್ಲ. ಅವನು ಏನಾದರೂ ಸಾಧಿಸಿದ ತಕ್ಷಣ ಅವನಿಗೊಂದು ಹೆಸರು ಬಂದುಬಿಡುತ್ತದೆ. ಆಮೇಲೆ ಅವನು ಶ್ರೀಸಾಮಾನ್ಯ ಅಲ್ಲ.

ಹೆಂಗಸರಿಗೆ ಏನನ್ನಬೇಕು?

‘ಶ್ರೀಸಾಮಾನ್ಯೆ’ ಅಂತ ಬರೆದವರನ್ನು ನೋಡಿದ್ದೇನೆ. ವ್ಯಾಕರಣ ಒಪ್ಪುತ್ತದೆ, ಕಿವಿ ಒಪ್ಪುವುದಿಲ್ಲ. ‘ಶ್ರೀಸಾಮಾನ್ಯರು’ ಅಂತ ಬಹುವಚನ ಹಾಕಿ. ಇಬ್ಬರೂ ಬಂದರು. ಗ್ಯಾಸ್ ಸಿಲಿಂಡರ್ ಬೆಲೆಯ ಸುದ್ದಿಯಲ್ಲೂ ‘ಶ್ರೀಸಾಮಾನ್ಯನಿಗೆ ಬರೆ’ ಅಂತ ಹಾಕುವುದು ಮಾತ್ರ ನನಗೆ ಯಾವಾಗಲೂ ತಮಾಷೆ ಅನಿಸುತ್ತದೆ. ಆ ಬಿಸಿ ಮೊದಲು ಯಾರಿಗೆ ತಟ್ಟುತ್ತದೆ ಅಂತ ಮನೆಯಲ್ಲಿ ಕೇಳಿದರೆ ಗೊತ್ತಾಗುತ್ತದೆ.

ಯಾವ ಪದ ಬಳಸಿದರೆ ಬೈದ ಹಾಗಾಗುತ್ತದೆ?

ಪಾಮರ, ಗಮಾರ, ಹಳ್ಳಿಮುಕ್ಕ, ಹಳ್ಳಿಗುಗ್ಗು, ಇವೆಲ್ಲಾ ಬೈಗುಳದ ಸಾಲಿಗೇ ಸೇರುತ್ತವೆ. ‘ಪಂಡಿತ ಪಾಮರರು’ ಅಂತ ಜೋಡಿಯಾಗಿ ಬಂದರೆ ಪಾಮರ ಹೇಗೋ ತಪ್ಪಿಸಿಕೊಳ್ಳುತ್ತಾನೆ. ಗಮಾರ ಹಿಂದಿಯ ಕಡೆಯಿಂದ ಬಂದದ್ದು, ‘ಗಾಂವ್’ ಅಂದರೆ ಹಳ್ಳಿ. ನಗರದವನು ‘ನಾಗರಿಕ’, ಹಳ್ಳಿಯವನು ‘ಗಮಾರ’. ಪದ ಮಾಡಿದವರು ಎಲ್ಲಿ ವಾಸ ಇದ್ದರು ಅಂತ ಬೇರೆ ಹೇಳಬೇಕಾ?

ಎಲ್ಲಕ್ಕಿಂತ ಪಾಪ ಅನಿಸುವುದು ‘ಯಕಶ್ಚಿತ್’. ಸಂಸ್ಕೃತದಲ್ಲಿ ‘ಯಃ ಕಶ್ಚಿತ್’ ಅಂದರೆ ಯಾರಾದರೂ ಒಬ್ಬ, ಅಷ್ಟೇ. ಅದರಲ್ಲಿ ಕೀಳು ಏನೂ ಇಲ್ಲ. ಕನ್ನಡಕ್ಕೆ ಬಂದು ‘ಯಕಶ್ಚಿತ್ ಗುಮಾಸ್ತ’ ಆಗಿ ಕೂತಿತು. ಯಾರೋ ಒಬ್ಬ ಆಗಿರುವುದೇ ತಪ್ಪು ಅನ್ನುವ ಹಾಗೆ.

‘ದಾರೀಲಿ ಹೋಗೋ ದಾಸಯ್ಯ’, ‘ಯಂಕ ನಾಣಿ ಸೀನ’ ಇವು ತಮಾಷೆಗೆ ಸರಿ. ಎದುರಿಗೆ ಇರುವವರ ಬಗ್ಗೆ ಆಡಬಾರದು.

‘ಅವನೇನು ಸಾಮಾನ್ಯದವನಲ್ಲ’ ಅಂದರೆ ಹೊಗಳಿಕೆಯಾ?

ಹೇಳುವವರ ಹುಬ್ಬು ನೋಡಬೇಕು. ಹುಬ್ಬು ಮೇಲೆ ಹೋದರೆ ಹೊಗಳಿಕೆ. ಕಣ್ಣು ಕಿರಿದಾದರೆ ‘ಹುಷಾರು, ಅವನ ಜೊತೆ ವ್ಯವಹಾರ ಇಟ್ಟುಕೊಳ್ಳಬೇಡ’ ಅಂತ. ಮಂಡ್ಯದ ಕಡೆ ‘ಅವ್ನೇನ್ ಸಾಮಾನ್ಯದೋನಾ?’ ಅಂದರೆ ನೂರಕ್ಕೆ ತೊಂಬತ್ತು ಎರಡನೆಯದೇ. ‘ಸಾಮಾನ್ಯಕ್ಕೆ ಒಪ್ಪೋನಲ್ಲ’ ಅನ್ನುವುದು ಬೇರೆ, ಅಲ್ಲಿ ‘ಸುಲಭಕ್ಕೆ’ ಅನ್ನುವ ಅರ್ಥ.

ಇಂಗ್ಲಿಷಿನ ‘ಹೋಯ್ ಪೊಲೋಯ್’ ಅಂದರೆ ದೊಡ್ಡ ಜನ ಅಲ್ವಾ?

ಅಲ್ಲ, ತದ್ವಿರುದ್ಧ. ಅದು ಗ್ರೀಕ್ ಮಾತು. ‘ಪೊಲೋಯ್’ ಅಂದರೆ ಬಹಳ ಜನ. ‘ಹೋಯ್’ ಅಂದರೆ ಇಂಗ್ಲಿಷಿನ ‘ದಿ’ ಇದ್ದ ಹಾಗೆ. ನಮ್ಮ ‘ಬಹುಜನ’ಕ್ಕೆ ಹತ್ತಿರ. ಕೇಳಲು ಬಿಂಕವಾಗಿದೆ ಅಂತ ಎಷ್ಟೋ ಮಂದಿ ಸಿರಿವಂತರಿಗೆ ಅದನ್ನು ಅಂಟಿಸುತ್ತಾರೆ. ‘ದಿ ಹೋಯ್ ಪೊಲೋಯ್’ ಅಂತ ಬರೆದರೆ ‘ದಿ’ ಎರಡು ಸಲ ಆಯಿತು ಅಂತ ಇಂಗ್ಲಿಷಿನ ಪ್ರೂಫಿನವರೂ ಜಗಳ ಆಡುತ್ತಾರೆ. ನಮ್ಮ ‘ಜನಸಾಮಾನ್ಯ ಜನರು’ ಇದ್ದಂಗೆ. ಕೇಳಿ ನನಗೆ ಸಮಾಧಾನ ಆಯಿತು.

‘ಆಮ್ ಆದ್ಮಿ’ ಕನ್ನಡದಲ್ಲಿ ನಡೆಯುತ್ತದಾ?

ಪಕ್ಷದ ಹೆಸರಾಗಿ ನಡೆಯುತ್ತದೆ. ಮಾತಾಗಿ ನಮ್ಮ ಕಡೆ ಬೇರು ಬಿಡಲಿಲ್ಲ. ಬಾದಶಹರ ಅರಮನೆಯಲ್ಲಿ ‘ದಿವಾನ್ ಎ ಆಮ್’, ‘ದಿವಾನ್ ಎ ಖಾಸ್’ ಅಂತ ಎರಡು ಇದ್ದವು. ಒಂದು ಎಲ್ಲರಿಗೆ, ಇನ್ನೊಂದು ಆಪ್ತರಿಗೆ. ಆ ‘ಖಾಸ್’ ನಮ್ಮಲ್ಲಿ ‘ಖಾಸಗಿ’ ಆಗಿ ಮನೆಮಾತಾಯಿತು. ದಸರಾದಲ್ಲಿ ಅರಮನೆಯ ಖಾಸಗಿ ದರ್ಬಾರು ಇವತ್ತಿಗೂ ನಡೆಯುತ್ತದೆ. ‘ಆಮ್’ ಮಾತ್ರ ಬಾಗಿಲಲ್ಲೇ ನಿಂತಿತು.

ವಿರುದ್ಧ ಪದ ಯಾವುದು?

ಗಣ್ಯ. ಗಣ್ಯ ಅಂದರೆ ಎಣಿಕೆಗೆ ತಕ್ಕವನು, ಲೆಕ್ಕಕ್ಕೆ ಬರುವವನು. ಲೆಕ್ಕಕ್ಕೆ ಬಾರದ್ದು ನಗಣ್ಯ. ಜಂಬೂಸವಾರಿ ದಿನ ಇದನ್ನು ಕಣ್ಣಾರೆ ನೋಡಬಹುದು. ಪಾಸು ಇದ್ದವರು ಅರಮನೆ ಆವರಣದ ಕುರ್ಚಿಗಳಲ್ಲಿ. ಇಲ್ಲದವರು ಬೆಳಗ್ಗೆಯೇ ಬುತ್ತಿ ಕಟ್ಟಿಕೊಂಡು ಬಂದು ಸಯ್ಯಾಜಿರಾವ್ ರಸ್ತೆಯ ಅಂಚಿನಲ್ಲಿ, ಮಹಡಿ ಮೇಲೆ, ಮರದ ಕೊಂಬೆ ಮೇಲೆ. ಆನೆ ಇಬ್ಬರ ಮುಂದೆಯೂ ಹೋಗುತ್ತದೆ. ರಸ್ತೆ ಅಂಚಿನವರಿಗೇ ಹತ್ತಿರದಿಂದ ಕಾಣುತ್ತದೆ ಅಂತ ನನ್ನ ಅನುಭವ. ಎರಡೂ ಕಡೆಯಿಂದ ನೋಡಿದ್ದೇನೆ, ಪಾಸು ಸಿಕ್ಕಿದ್ದು ಒಂದೇ ಸಲ.

ಶ್ರೀಸಾಮಾನ್ಯ ತನ್ನನ್ನು ತಾನು ಏನಂತ ಕರೆದುಕೊಳ್ಳುತ್ತಾನೆ?

ಇದನ್ನು ಕೇಳಿದ್ದು ಪಿಯುಸಿ ಓದುವ ಹುಡುಗ ಒಬ್ಬ. ಭಾಷಣ ಸ್ಪರ್ಧೆಗೆ ಬರೆಸಲು ಬಂದಿದ್ದ. ತಕ್ಷಣ ಉತ್ತರ ಹೊಳೆಯಲಿಲ್ಲ.

ಯಾರಾದರೂ ‘ನಾನು ಶ್ರೀಸಾಮಾನ್ಯ’ ಅಂತ ಹೇಳಿದ್ದನ್ನು ಕೇಳಿದ್ದೀರಾ? ಹೇಳಿದರೆ ಅವರು ಮೈಕಿನ ಮುಂದೆ ನಿಂತಿರುತ್ತಾರೆ. ಉಳಿದವರು ಹೇಳುವುದು ‘ನಮ್ಮಂಥೋರು’ ಅಂತ. ಊರಿನಲ್ಲಿ ನಮ್ಮವ್ವ ಜೀವನವೆಲ್ಲಾ ಅದನ್ನೇ ಹೇಳಿದಳು. ‘ನಮ್ಮಂತೋರ್ಗೆಲ್ಲ ಯಾತಕಪ್ಪ ಅದು’ ಅಂತ ಒಳ್ಳೆ ಸೀರೆ ನೋಡಿ. ‘ನಮ್ಮಂತೋರ ಮಾತ ಯಾರ್ ಕೇಳಾರು’ ಅಂತ ಪಹಣಿಯಲ್ಲಿ ಹೆಸರು ತಪ್ಪಾದಾಗ. ಆ ಒಂದು ಅಕ್ಷರ ಸರಿ ಮಾಡಿಸಲು ಅವಳು ಒಂದು ಕಚೇರಿಗೆ ಹನ್ನೊಂದು ಸಲ ಹೋದಳು. ಪ್ರೂಫ್ ತಿದ್ದುವ ಮಗ ಇದ್ದೂ ಅದನ್ನು ತಿದ್ದಲು ಆಗಲಿಲ್ಲ.

‘ನಮ್ಮಂಥೋರು’ ಅನ್ನುವುದರಲ್ಲಿ ಒಂದು ಸೊಗಸಿದೆ. ಅದನ್ನು ಒಬ್ಬರೇ ಇದ್ದರೂ ಬಹುವಚನದಲ್ಲೇ ಹೇಳುತ್ತಾರೆ. ಹೇಳುವಾಗ ಪಕ್ಕದವರನ್ನೂ ಸೇರಿಸಿಕೊಂಡೇ ಹೇಳುತ್ತಾರೆ. ಶ್ರೀಸಾಮಾನ್ಯ ಬೇರೆಯವರು ಕೊಟ್ಟ ಹೆಸರು, ಇದು ತಾವೇ ಇಟ್ಟುಕೊಂಡದ್ದು. ಹುಡುಗನಿಗೆ ಇದನ್ನೇ ಹೇಳಿದೆ. ಅವನು ಭಾಷಣದಲ್ಲಿ ಹಾಕಲಿಲ್ಲ, ಗ್ರಾಮ್ಯ ಅಂತ ಅಂಕ ಕಳೆಯುತ್ತಾರಂತೆ.

ಅರ್ಜಿಯಲ್ಲಿ ‘ಶ್ರೀಸಾಮಾನ್ಯನಾದ ನಾನು’ ಅಂತ ಬರೆಯಬಹುದಾ?

ಬೇಡ. ಹೆಸರು, ತಂದೆಯ ಹೆಸರು, ಊರು, ಸರ್ವೆ ನಂಬರು, ಹಿಂದೆ ಕೊಟ್ಟ ಅರ್ಜಿಯ ತಾರೀಕು ಬರೆಯಿರಿ. ಸ್ವೀಕೃತಿ ತೆಗೆದುಕೊಳ್ಳಿ. ಒಂದು ಜೆರಾಕ್ಸ್ ನಿಮ್ಮ ಹತ್ತಿರ ಇರಲಿ.

ಫ್ಲೆಕ್ಸಿನಲ್ಲಿ ‘ಶ್ರೀಸಾಮಾನ್ಯರ ನಾಯಕ’ ಅಂತ ಹಾಕಬಹುದಾ?

ಹಾಕಿ. ಫೋಟೋದಲ್ಲಿ ಕೂಲಿಂಗ್ ಗ್ಲಾಸು, ಕೊರಳಲ್ಲಿ ನಾಲ್ಕು ಎಳೆ ಚೈನು ಇದ್ದರೆ ಮಾತ್ರ ಇನ್ನೊಮ್ಮೆ ಯೋಚನೆ ಮಾಡಿ.

ನಮ್ಮ ಹೊಸ ಹೋಟೆಲ್‌ಗೆ ‘ಶ್ರೀಸಾಮಾನ್ಯ’ ಅಂತ ಹೆಸರಿಡೋಣ ಅಂತ ಇದ್ದೇವೆ. ಚೆನ್ನಾಗಿರುತ್ತದಾ?

ಬಹಳ ಚೆನ್ನಾಗಿರುತ್ತದೆ. ಬೋರ್ಡ್ ಬರೆಯುವವರಿಗೆ ಕೂಡಿಸಿ ಬರೆಯಲು ಹೇಳಿ. ಮಸಾಲೆ ದೋಸೆಯ ರೇಟು ಎಷ್ಟು ಅಂತ ಇಟ್ಟುಕೊಂಡು ಆಮೇಲೆ ಹೆಸರು ಗಟ್ಟಿ ಮಾಡಿ.